ಕಿವಿ ಮುಟ್ಟಿದರೆ ಆರು ವರ್ಷ

ನಮ್ಮಪ್ಪನ ಹುಟ್ಟಿದ ದಿನ ಜೂನ್ 1. ದೊಡ್ಡಪ್ಪನದೂ ಜೂನ್ 1. ಆಚೆಮನೆಯ ಅಣ್ಣತಮ್ಮಂದಿರಿಬ್ಬರದೂ ಅದೇ. ಊರಿನಲ್ಲಿ ಎಪ್ಪತ್ತು ದಾಟಿದವರ ಆಧಾರ್ ಕಾರ್ಡುಗಳನ್ನು ಒಂದು ಕಡೆ ಹರಡಿದರೆ ಅರ್ಧ ಊರು ಒಂದೇ ದಿನ ಹುಟ್ಟಿದೆ ಅನ್ನಿಸುತ್ತದೆ. ಕಾರಣ ಗೊತ್ತಿದ್ದದ್ದೇ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹೆಡ್‌ಮಾಸ್ತರು ಎದುರು ನಿಂತ ಹುಡುಗನನ್ನು ಒಮ್ಮೆ ನೋಡಿ, ಆರು ವರ್ಷ ಹಿಂದಕ್ಕೆ ಎಣಿಸಿ, ಜೂನ್ 1 ಅಂತ ಬರೆದುಬಿಡುತ್ತಿದ್ದರು.

ಅಜ್ಜಿಯ ಲೆಕ್ಕ ಬೇರೆ ಇತ್ತು. "ಖರ ಸಂವತ್ಸರ. ಮೃಗಶಿರ ಮಳೆ ಹಿಡಿದಿತ್ತು. ಕೊಟ್ಟಿಗೆ ಮಾಡು ಸೋರ್ತಿತ್ತು" ಅನ್ನುತ್ತಿದ್ದಳು. ಖರ ಅಂದರೆ 1951ರ ಯುಗಾದಿಯಿಂದ ಮುಂದಿನ ಯುಗಾದಿವರೆಗೆ. ಮೃಗಶಿರ ಮಳೆ ಶುರುವಾಗುವುದು ಜೂನ್ ಮೊದಲ ವಾರ ಕಳೆಯುವ ಹೊತ್ತಿಗೆ. ಅಂದರೆ ಅಪ್ಪ ಹುಟ್ಟಿದ್ದು 1951ರ ಜೂನ್‌ನಲ್ಲಿ. ದಾಖಲೆಯಲ್ಲಿ ಇರುವುದು 1-6-1949.

ಎರಡು ವರ್ಷ ಎಲ್ಲಿಂದ ಬಂತು? 1955ರ ಜೂನ್, ಗದ್ದೆ ಕೆಲಸದ ದಿನಗಳು. ನಾಲ್ಕು ವರ್ಷದ ಹುಡುಗನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಆಗಲೇ ಎರಡನೇ ಕ್ಲಾಸಿಗೆ ಹೋಗುತ್ತಿದ್ದ ದೊಡ್ಡಪ್ಪನ ಜೊತೆ ಅಪ್ಪನನ್ನೂ ಅಟ್ಟಿದಳು ಅಜ್ಜಿ. ಸೇರಿಸಿಕೊಳ್ಳಲು ಒಂದು ಪರೀಕ್ಷೆ ಇತ್ತು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ಆಗಿದೆ ಅಂತ. ಅಪ್ಪನ ಕೈ ಎಟುಕಲಿಲ್ಲ. ಹಿಂದೆ ನಿಂತಿದ್ದ ದೊಡ್ಡಪ್ಪ ಪಿಸುಗುಟ್ಟಿದರಂತೆ, "ತಲೆ ವಾಲ್ಸೋ!" ತಲೆ ವಾಲಿಸಿದ್ದೇ ತಡ, ಬೆರಳ ತುದಿ ಕಿವಿಗೆ ತಾಗಿತು. ಮಾಸ್ತರು ಪೆನ್ನು ಎತ್ತಿಕೊಂಡರು.

ಆ ವಾಲಿದ ತಲೆಗೆ ಅಪ್ಪ ಎಷ್ಟು ತೆತ್ತರು ಅಂತ ಗೊತ್ತಾಗಿದ್ದು 52 ವರ್ಷ ಕಳೆದ ಮೇಲೆ. ಅವರು ಗ್ರಾಮ ಲೆಕ್ಕಿಗರಾಗಿದ್ದರು. ದಾಖಲೆ ಪ್ರಕಾರ 58 ತುಂಬಿ 2007ರ ಮೇ 31ಕ್ಕೆ ನಿವೃತ್ತರಾದರು. 2008ರಲ್ಲಿ ರಾಜ್ಯ ಸರ್ಕಾರ ನಿವೃತ್ತಿ ವಯಸ್ಸನ್ನು 60ಕ್ಕೆ ಏರಿಸಿತು. ಅಜ್ಜಿಯ ಲೆಕ್ಕ ನಡೆದಿದ್ದರೆ ಅಪ್ಪ 2011ರವರೆಗೆ ಸರ್ವಿಸ್‌ನಲ್ಲಿ ಇರುತ್ತಿದ್ದರು. ನಾಲ್ಕು ವರ್ಷದ ಸಂಬಳ ಹೋಯಿತು. ಬಂದ ಲಾಭ ಒಂದೇ, ಬಸ್ಸಿನ ಸೀನಿಯರ್ ಸಿಟಿಜನ್ ರಿಯಾಯಿತಿ ಎರಡು ವರ್ಷ ಮೊದಲೇ ಸಿಕ್ಕಿತು. ಊರಿನವರ ಹುಟ್ಟು ಸಾವಿನ ರಿಜಿಸ್ಟರ್ ಬರೆಯುತ್ತಿದ್ದವರೂ ಅವರೇ ಅನ್ನುವುದು ಬೇರೆ ಮಾತು.

ಇದೆಲ್ಲ ಈಗ ಯಾಕೆ ಅಂದರೆ, ಹೋದ ವರ್ಷ ನಾನೂ ಒಂದು ವಯಸ್ಸಿನ ಪರೀಕ್ಷೆಗೆ ಕೂತೆ. ಆಫೀಸಿನಲ್ಲಿ ಆರೋಗ್ಯ ಸಪ್ತಾಹ. ಬಿಪಿ, ಶುಗರ್ ಎಲ್ಲ ಆದ ಮೇಲೆ ಕೊನೆಯ ಟೇಬಲ್ಲಿನಲ್ಲಿ ಒಂದು ಕಂಪನಿಯವರು ಬಿಳಿ ಡಬ್ಬಿಗಳನ್ನು ಜೋಡಿಸಿಕೊಂಡು ಕೂತಿದ್ದರು. "ಸರ್, ನಿಮ್ಮ ನಿಜವಾದ ವಯಸ್ಸು ತಿಳ್ಕೊಳ್ಳಿ." ಒಂದು ಕಿಟ್ ತೊಗೊಂಡರೆ ಇನ್ನೊಂದು ಅರ್ಧ ಬೆಲೆಗೆ. ಎರಡು ತೊಗೊಂಡೆ. ಬೆರಳಿಗೆ ಸೂಜಿ ಚುಚ್ಚಿ, ಒಂದು ಕಾರ್ಡಿನ ಮೇಲೆ ನಾಲ್ಕು ಹನಿ ರಕ್ತ ಹಾಕಿ ಕಳಿಸಿದೆ. ಐದು ವಾರದ ನಂತರ ಫೋನಿಗೆ ರಿಪೋರ್ಟ್ ಬಂತು. ನನಗೆ ಆಗ 46. ರಿಪೋರ್ಟಿನಲ್ಲಿ 51.3.

ಆ ಪಾಯಿಂಟ್ ಮೂರು ನನ್ನನ್ನು ಬಹಳ ಕಾಡಿತು. ಐವತ್ತೊಂದು ಅಂದಿದ್ದರೆ ಅಂದಾಜು ಅಂದುಕೊಳ್ಳಬಹುದಿತ್ತು. ಪಾಯಿಂಟ್ ಮೂರು ಅಂದರೆ ಅಳೆದು ತೂಗಿ ಹೇಳಿದ್ದಾರೆ ಅಂತ ತಾನೆ? ಎರಡು ವಾರ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ. ಆಮೇಲೆ, ಇದನ್ನು ಹೇಗೆ ಅಳೆಯುತ್ತಾರೆ ಅಂತ ಓದಲು ಕೂತೆ.

ವಿಷಯ ನಿಜಕ್ಕೂ ಸೊಗಸಾಗಿದೆ. ನಮ್ಮ ಹೆಚ್ಚುಕಮ್ಮಿ ಪ್ರತಿ ಜೀವಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಕಣ್ಣಿನದೂ ಅದೇ, ಕರುಳಿನದೂ ಅದೇ. ಹಾಗಾದರೆ ಕಣ್ಣು ಕಣ್ಣಾಗಿ, ಕರುಳು ಕರುಳಾಗಿ ಉಳಿಯುವುದು ಹೇಗೆ? ಅಪ್ಪನ ರಿಜಿಸ್ಟರುಗಳನ್ನು ನೋಡಿ ಬೆಳೆದ ನನಗೆ ಇದು ಥಟ್ಟನೆ ಅರ್ಥವಾಯಿತು. ರಿಜಿಸ್ಟರಿನ ಕೊನೆಯಲ್ಲಿ 'ಷರಾ' ಅಂತ ಒಂದು ಕಾಲಂ ಇರುತ್ತದೆ. ಸರ್ವೆ ನಂಬರು, ಹೆಸರು, ವಿಸ್ತೀರ್ಣ ಯಾವುದೂ ಬದಲಾಗಿರುವುದಿಲ್ಲ. ಆದರೆ ಷರಾದಲ್ಲಿ 'ತಕರಾರಿದೆ' ಅಂತ ಒಂದು ಸಾಲು ಬಿತ್ತೋ, ಮುಗಿಯಿತು. ಆ ಪುಟ ಇದ್ದೂ ಇಲ್ಲದ ಹಾಗೆ. ಡಿಎನ್‌ಎಗೂ ಇಂಥ ಷರಾ ಉಂಟು. ಎಪಿಜೆನೆಟಿಕ್ಸ್ ಅನ್ನುವುದು ಈ ಷರಾಗಳ ಶಾಸ್ತ್ರ. 'ಎಪಿ' ಅಂದರೆ ಗ್ರೀಕ್‌ನಲ್ಲಿ 'ಮೇಲೆ'. ಅಕ್ಷರ ಹಾಗೇ ಇರುತ್ತದೆ, ಅದರ ಮೇಲೆ ಗುರುತು ಬೀಳುತ್ತದೆ.

ಆ ಗುರುತುಗಳಲ್ಲಿ ಒಂದು ಮಿಥೈಲ್ ಗುಂಪು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸಿ ಆದ ಮೇಲೆ ಜಿ ಬರುವ ಕಡೆ, ಸಿ ಅಕ್ಷರದ ಮೇಲೆ ಇದು ಕೂರುತ್ತದೆ. ಮನುಷ್ಯನ ಡಿಎನ್‌ಎಯಲ್ಲಿ ಇಂಥ ಜಾಗ ಸುಮಾರು 2.8 ಕೋಟಿ ಇವೆ. ಗುರುತು ಎಲ್ಲಿದೆ ಅಂತ ಪತ್ತೆ ಮಾಡುವ ಉಪಾಯವೂ ಚೆನ್ನಾಗಿದೆ. ಬೈಸಲ್ಫೈಟ್ ಅನ್ನುವ ರಾಸಾಯನಿಕದಲ್ಲಿ ಡಿಎನ್‌ಎಯನ್ನು ನೆನೆಸುತ್ತಾರೆ. ಮಿಥೈಲ್ ಕೂತಿರದ ಸಿ ಬೇರೆ ಅಕ್ಷರವಾಗಿ ಬದಲಾಗುತ್ತದೆ. ಮಿಥೈಲ್ ಕೂತಿರುವ ಸಿ ಹಾಗೇ ಉಳಿಯುತ್ತದೆ. ಆಮೇಲೆ ಓದಿದರೆ ಯಾವ ಜಾಗದಲ್ಲಿ ಗುರುತು ಇತ್ತು, ಯಾವುದರಲ್ಲಿ ಇರಲಿಲ್ಲ ಅಂತ ತಿಳಿಯುತ್ತದೆ. ಒಂದು ಹನಿ ರಕ್ತದಲ್ಲಿ ಲಕ್ಷಗಟ್ಟಲೆ ಕೋಶಗಳಿರುವುದರಿಂದ ಉತ್ತರ ಬರುವುದು ಶೇಕಡಾ ಲೆಕ್ಕದಲ್ಲಿ: ಈ ಜಾಗದಲ್ಲಿ ನೂರಕ್ಕೆ ಇಷ್ಟು ಕೋಶಗಳಿಗೆ ಗುರುತು ಇದೆ ಅಂತ.

ವಯಸ್ಸಾದಂತೆ ಈ ಶೇಕಡಾ ಸರಿಯುತ್ತಾ ಹೋಗುತ್ತದೆ. ಕೆಲವು ಕಡೆ ಏರುತ್ತದೆ, ಕೆಲವು ಕಡೆ ಇಳಿಯುತ್ತದೆ. ಇಎಲ್‌ಒವಿಎಲ್2 ಅಂತ ಒಂದು ಜೀನ್ ಇದೆ. ಅದರ ಒಂದು ಜಾಗದಲ್ಲಿ ಹುಟ್ಟಿದ ಮಗುವಿಗೆ ಶೇ. 10ಕ್ಕಿಂತ ಕಡಿಮೆ ಇದ್ದ ಗುರುತು, ತೊಂಬತ್ತರ ಮುದುಕರಲ್ಲಿ ಶೇ. 90ರ ಆಸುಪಾಸಿಗೆ ಬಂದಿರುತ್ತದೆ. ತೋಟದ ಬೇಲಿಗೆ ಹಬ್ಬುವ ಬಳ್ಳಿಯ ಹಾಗೆ, ಗದ್ದಲವಿಲ್ಲದೆ, ವರ್ಷಾವರ್ಷ.

ಇದರಿಂದ ಗಡಿಯಾರ ಮಾಡಬಹುದು ಅಂತ ಜಗತ್ತಿಗೆ ತೋರಿಸಿದವರು ಸ್ಟೀವ್ ಹೋರ್ವತ್. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದವರು. ಅವರಿಗೊಬ್ಬ ಅವಳಿ ಸಹೋದರ ಇದ್ದಾರೆ ಅನ್ನುವುದೂ, ಈ ಕತೆ ಶುರುವಾಗುವುದು ಅವಳಿಗಳ ಎಂಜಲಿನಿಂದ ಅನ್ನುವುದೂ ನನಗೆ ಬಹಳ ಇಷ್ಟವಾದ ಸಂಗತಿ. ಬೇರೆ ಯಾವುದೋ ಅಧ್ಯಯನಕ್ಕೆ ಅಂತ ಸಂಗ್ರಹಿಸಿದ್ದ 34 ಜೋಡಿ ಅವಳಿ ಗಂಡಸರ ಎಂಜಲು. ಹುಡುಕಿದ್ದು ಸಿಗಲಿಲ್ಲ. ಆದರೆ ವಯಸ್ಸಿನ ಗುರುತು ಮಾತ್ರ ಢಾಳಾಗಿ ಕಂಡಿತು. 2011ರಲ್ಲಿ ಅವರ ತಂಡ, ಎಂಜಲು ನೋಡಿ ಸರಾಸರಿ ಐದು ವರ್ಷದ ಆಚೀಚೆ ವಯಸ್ಸು ಹೇಳಬಹುದು ಅಂತ ಪ್ರಕಟಿಸಿತು.

ಮುಂದಿನ ಎರಡು ವರ್ಷ ಹೋರ್ವತ್ ಬೇರೆಯವರು ಪ್ರಕಟಿಸಿದ್ದ ಮಾಹಿತಿಯನ್ನೇ ಗುಡ್ಡೆ ಹಾಕಿಕೊಂಡು ಕೂತರು. ಸುಮಾರು 8,000 ಸ್ಯಾಂಪಲ್, 51 ಬಗೆಯ ಅಂಗಾಂಶ ಮತ್ತು ಕೋಶ. ಇಪ್ಪತ್ತೊಂದು ಸಾವಿರ ಚಿಲ್ಲರೆ ಜಾಗಗಳನ್ನು ಜರಡಿ ಹಿಡಿದು 353 ಉಳಿಸಿಕೊಂಡರು. ಅದರಲ್ಲಿ 193 ವಯಸ್ಸಿನ ಜೊತೆ ಏರುವಂಥವು, 160 ಇಳಿಯುವಂಥವು. ರಕ್ತ, ಮಿದುಳು, ಯಕೃತ್ತು ಯಾವುದನ್ನು ಕೊಟ್ಟರೂ ಒಂದೇ ಸೂತ್ರ ವಯಸ್ಸು ಹೇಳುತ್ತಿತ್ತು. ತಪ್ಪು ಅಂದರೆ ಮೂರೂವರೆ ವರ್ಷದ ಆಸುಪಾಸು. ಇಷ್ಟು ಚೆನ್ನಾಗಿ ಕೆಲಸ ಮಾಡುವುದು ಸಾಧ್ಯವೇ ಇಲ್ಲ ಅಂತ ವಿಜ್ಞಾನ ಪತ್ರಿಕೆಯವರು ಪ್ರಬಂಧವನ್ನು ವಾಪಸ್ ಕಳಿಸಿದರಂತೆ. ಹೋರ್ವತ್ ಬಿಯರ್ ಏರಿಸಿ, ಅದೇ ಗುಂಗಿನಲ್ಲಿ ಸಂಪಾದಕರಿಗೆ ಪತ್ರ ಬರೆದರಂತೆ. 2013ರಲ್ಲಿ ಅದು ಪ್ರಕಟವಾಯಿತು.

ಅದರಲ್ಲಿ ಬೆರಗು ಹುಟ್ಟಿಸುವ ವಿಷಯಗಳು ಬೇಕಾದಷ್ಟಿವೆ. ಹೆಂಗಸರ ಸ್ತನದ ಅಂಗಾಂಶ ಅವರ ಮೈಯ ಉಳಿದ ಭಾಗಕ್ಕಿಂತ ದೊಡ್ಡ ವಯಸ್ಸು ತೋರಿಸುತ್ತದೆ. ಭ್ರೂಣದ ಮೂಲಕೋಶಗಳ, ಅಂದರೆ ಮೈಯ ಯಾವ ಬಗೆಯ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಕೋಶಗಳ, ವಯಸ್ಸು ಸೊನ್ನೆಯ ಹತ್ತಿರ. ಬೆಳೆದ ಮನುಷ್ಯನ ಚರ್ಮದ ಕೋಶವನ್ನು ತೊಗೊಂಡು, ಜಪಾನಿನ ಶಿನ್ಯಾ ಯಮನಾಕಾ ತೋರಿಸಿದ ದಾರಿಯಲ್ಲಿ ಮತ್ತೆ ಮೂಲಕೋಶವಾಗಿ ಮಾಡಿದರೆ ಅದರ ಗಡಿಯಾರವೂ ಸೊನ್ನೆಗೆ ವಾಪಸ್ ಬರುತ್ತದೆ! ಲ್ಯಾಬ್ರಡಾರ್ ನಾಯಿಗಳಿಗೂ ಇಂಥ ಲೆಕ್ಕ ಮಾಡಿದ್ದಾರೆ. 2020ರಲ್ಲಿ ಬಂದ ಆ ಲೆಕ್ಕದ ಪ್ರಕಾರ ಒಂದು ವರ್ಷದ ನಾಯಿ ನಮ್ಮ 31ಕ್ಕೆ ಸಮ. ನಾಯಿಯ ಒಂದು ವರ್ಷಕ್ಕೆ ನಮ್ಮ ಏಳು ಅನ್ನುವ ಹಳೇ ಲೆಕ್ಕ ಅಲ್ಲಿಗೆ ಕೆಟ್ಟಿತು.

ಆದರೆ ಇಲ್ಲಿ ಒಂದು ವಿಚಿತ್ರ ಇದೆ. ನನ್ನ ಮಟ್ಟಿಗೆ ಈ ವಿಷಯದ ಗಂಟು ಇರುವುದು ಇಲ್ಲೇ. ಈ ಗಡಿಯಾರಕ್ಕೆ ಪಾಠ ಹೇಳಿಕೊಟ್ಟಿದ್ದು ಕ್ಯಾಲೆಂಡರ್. 'ಇದು 40ರವರ ರಕ್ತ, ಇದು 60ರವರದು, ನೋಡಿ ಕಲಿ' ಅಂತ ಕಲಿಸಿದ್ದು. ಹಾಗಾದರೆ ಅದು ಪೂರ್ತಿ ಸರಿಯಾಗಿ ಕಲಿತರೆ ಏನಾಗುತ್ತದೆ? ನನ್ನ ಆಧಾರ್ ಕಾರ್ಡಿನಲ್ಲಿರುವ ವಯಸ್ಸನ್ನೇ ನನಗೆ ವಾಪಸ್ ಹೇಳುತ್ತದೆ. ಅದಕ್ಕೆ ಸಾವಿರಾರು ರೂಪಾಯಿ ಯಾಕೆ ಕೊಡಬೇಕು? ಸುದ್ದಿ ಇರುವುದು ಅದು ಮಾಡುವ ತಪ್ಪಿನಲ್ಲಿ. 46ರವನಿಗೆ 51 ಅಂದಾಗ, ಆ ಐದರಲ್ಲಿ ಏನೋ ಇದೆ ಅಂತ ನಾವು ನಂಬುತ್ತೇವೆ. ಮೈ ಬೇಗ ಸವೆದಿರಬಹುದು. ಅಥವಾ ಲ್ಯಾಬಿನ ಎಡವಟ್ಟೂ ಇರಬಹುದು.

ಈ ತೊಡಕು ವಿಜ್ಞಾನಿಗಳಿಗೂ ಗೊತ್ತು. ಅದಕ್ಕೇ ಎರಡನೇ ಪೀಳಿಗೆಯ ಗಡಿಯಾರಗಳಿಗೆ ಕ್ಯಾಲೆಂಡರ್ ಬದಲು ಕಾಯಿಲೆ, ಸಾವು ಇವುಗಳ ಪಾಠ ಹೇಳಿಕೊಟ್ಟರು. 2018ರಲ್ಲಿ ಮಾರ್ಗನ್ ಲೆವಿನ್ ಮತ್ತು ಸಂಗಡಿಗರ ಫೀನೋಏಜ್ ಬಂತು. 2019ರಲ್ಲಿ ಹೋರ್ವತ್ ತಂಡದ್ದೇ ಗ್ರಿಮ್‌ಏಜ್. ಕುಡುಗೋಲು ಹಿಡಿದು ಬರುವ ಪಾಶ್ಚಾತ್ಯರ ಮೃತ್ಯುವಿನ ಹೆಸರು ಅದಕ್ಕೆ. ನಮ್ಮವರು ಮಾಡಿದ್ದರೆ ಚಿತ್ರಗುಪ್ತ ಅಂತ ಇಡುತ್ತಿದ್ದರೋ ಏನೋ. ಹೆಸರು ಸುಮ್ನೆ ಇಟ್ಟಿದ್ದಲ್ಲ. ಬದುಕಿನಲ್ಲಿ ಎಷ್ಟು ಸಿಗರೇಟು ಸೇದಿದ್ದೀರಿ ಅನ್ನುವುದನ್ನು ನಿಮ್ಮನ್ನು ಕೇಳದೆಯೇ, ಗುರುತುಗಳನ್ನು ನೋಡಿ ಅಂದಾಜು ಮಾಡುತ್ತದೆ. ಮನೆಯಲ್ಲಿ ಸುಳ್ಳು ಹೇಳಬಹುದು, ಇದಕ್ಕೆ ಆಗುವುದಿಲ್ಲ. ದೊಡ್ಡ ಗುಂಪುಗಳಲ್ಲಿ ಯಾರು ಬೇಗ ಸಾಯುವ ಸಾಧ್ಯತೆ ಜಾಸ್ತಿ ಅಂತ ಹೇಳುವುದರಲ್ಲಿ ಮೊದಲ ಪೀಳಿಗೆಯ ಗಡಿಯಾರಗಳಿಗಿಂತ ಇದು ಚುರುಕು.

ನನಗೆ ಹೆಚ್ಚು ಹಿಡಿಸಿದ್ದು ನ್ಯೂಜಿಲೆಂಡಿನ ಡುನೆಡಿನ್ ಊರಿನ ಕೆಲಸ. ಅಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಎಲ್ಲರೂ ಒಂದೇ ವಯಸ್ಸಿನವರು. ಹುಟ್ಟಿದ ತಾರೀಕಿನ ಬಗ್ಗೆ ಅನುಮಾನವೇ ಇಲ್ಲ. 26, 32, 38, 45ನೇ ವಯಸ್ಸಿನಲ್ಲಿ ಕರೆಸಿ ಮೂತ್ರಪಿಂಡ, ಶ್ವಾಸಕೋಶ, ಒಸಡು, ಕೊಲೆಸ್ಟರಾಲ್ ಅಂತ 19 ಬಗೆಯ ಅಳತೆ ತೆಗೆದರು. ಒಂದು ಕ್ಯಾಲೆಂಡರ್ ವರ್ಷ ಕಳೆಯುವಷ್ಟರಲ್ಲಿ ಕೆಲವರ ಮೈ ಅರ್ಧ ವರ್ಷದಷ್ಟೂ ಸವೆದಿರಲಿಲ್ಲ. ಕೆಲವರದು ಎರಡು ವರ್ಷಕ್ಕಿಂತ ಜಾಸ್ತಿ ಸವೆದಿತ್ತು. ಒಂದೇ ಊರು, ಒಂದೇ ವರ್ಷದ ಮಕ್ಕಳು! ಈ ವೇಗವನ್ನು ಒಂದು ರಕ್ತದ ಸ್ಯಾಂಪಲ್ಲಿನಿಂದಲೇ ಓದುವ ಅಳತೆಯನ್ನು 2022ರಲ್ಲಿ ಪ್ರಕಟಿಸಿದರು. ಡುನೆಡಿನ್‌ಪೇಸ್ ಅಂತ ಹೆಸರು. ಅದು ವಯಸ್ಸು ಎಷ್ಟು ಅಂತ ಹೇಳುವುದಿಲ್ಲ, ಎಷ್ಟು ಜೋರಾಗಿ ಓಡುತ್ತಿದೆ ಅಂತ ಹೇಳುತ್ತದೆ. ಬೈಕಿನ ಕಿಲೋಮೀಟರ್ ಮೀಟರಿಗೂ ಸ್ಪೀಡ್ ಮೀಟರಿಗೂ ಇರುವ ವ್ಯತ್ಯಾಸ.

ಇಷ್ಟೆಲ್ಲ ಓದಿದ ಮೇಲೆ ನನ್ನ 51.3ಕ್ಕೆ ವಾಪಸ್ ಬಂದೆ. 2022ರಲ್ಲೇ ಇನ್ನೊಂದು ಪ್ರಬಂಧ ಬಂದಿತ್ತು. ಹೆಸರಾಂತ ಗಡಿಯಾರಗಳಿಗೆ ಒಂದೇ ಸ್ಯಾಂಪಲ್ಲನ್ನು ಎರಡು ಸಲ ಕೊಟ್ಟು ನೋಡಿದ್ದರು. ಅದೇ ರಕ್ತ, ಎರಡು ಉತ್ತರ. ವ್ಯತ್ಯಾಸ ಕೆಲವೊಮ್ಮೆ 9 ವರ್ಷದವರೆಗೂ ಇತ್ತು. ಅದನ್ನು ಸರಿಪಡಿಸುವ ಗಣಿತವನ್ನೂ ಅವರೇ ಕೊಟ್ಟಿದ್ದಾರೆ. ಆದರೆ ಕಂಪನಿಯವರು ಯಾವ ಗಡಿಯಾರ ಬಳಸಿದರು ಅಂತ ರಿಪೋರ್ಟಿನಲ್ಲಿ ಎಲ್ಲೂ ಇಲ್ಲ. ಫೋನ್ ಮಾಡಿ ಕೇಳಿದೆ. "ಸರ್, ಅದು ನಮ್ಮ ಅಡ್ವಾನ್ಸ್‌ಡ್ ಎಐ ಸರ್" ಅಂದ ಹುಡುಗ. ಪಾಪ, ಅವನಿಗೆ ಕೊಟ್ಟ ಚೀಟಿಯಲ್ಲಿ ಅಷ್ಟೇ ಇತ್ತು ಅಂತ ಕಾಣುತ್ತದೆ. ಇನ್ನೊಂದು ಅಧ್ಯಯನದಲ್ಲಿ ಒಬ್ಬನೇ ಮನುಷ್ಯನ ರಕ್ತವನ್ನು ಮೂರು ಗಂಟೆಗೊಮ್ಮೆ, ಮೂರು ದಿನ ತೆಗೆದು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅವನು ಮುದುಕ, ಮಧ್ಯರಾತ್ರಿಗೆ ಪ್ರಾಯದವ. ದಿನದ ಹೊತ್ತಿಗೆ ತಕ್ಕಂತೆ ರಕ್ತದಲ್ಲಿ ಬಿಳಿ ಕಣಗಳ ಹದ ಬದಲಾಗುತ್ತದೆ, ಅದರ ಜೊತೆ ಲೆಕ್ಕವೂ ಆಚೀಚೆ ಆಗುತ್ತದೆ. ನಾನು ಬೆರಳು ಚುಚ್ಚಿಕೊಂಡಿದ್ದು ಮಧ್ಯಾಹ್ನ ಹನ್ನೆರಡೂವರೆಗೆ, ಊಟದ ಕ್ಯೂಗೆ ಮೊದಲು.

ಹಾಗಂತ ಇದೆಲ್ಲ ಬುರುಡೆ ಅನ್ನಲಾರೆ. ಗುಂಪಿನ ಲೆಕ್ಕದಲ್ಲಿ ಇವು ತೋರಿಸುವುದು ಗಟ್ಟಿ ವಿಷಯ. 2023ರಲ್ಲಿ ಬಂದ ಒಂದು ಅಧ್ಯಯನ ನೋಡಿ. ಸೊಂಟದ ಮೂಳೆ ಮುರಿದು ತುರ್ತಾಗಿ ಆಪರೇಷನ್ ಆದ ಮುದುಕರ ವಯಸ್ಸು ಈ ಗಡಿಯಾರದಲ್ಲಿ ಏರಿತು, ಕೆಲವೇ ದಿನಗಳಲ್ಲಿ ಮತ್ತೆ ಕೆಳಗಿಳಿಯಿತು. ಬಸುರಿನಲ್ಲಿ ಏರಿ, ಹೆರಿಗೆಯ ನಂತರ ಇಳಿಯಿತು. ಕಷ್ಟ ಬಂದಾಗ "ಒಂದೇ ವಾರದಲ್ಲಿ ಹತ್ತು ವರ್ಷ ಮುದುಕಾದ ಹಾಗೆ ಕಾಣ್ತಾನೆ" ಅನ್ನುತ್ತೇವಲ್ಲ, ಅದು ಬರೀ ಮಾತಲ್ಲ. ಚೇತರಿಸಿಕೊಂಡ ಅನ್ನುವುದೂ ಬರೀ ಮಾತಲ್ಲ.

ನನಗೆ ಅನುಮಾನ ಇರುವುದು ಬೇರೆ ಕಡೆ. ಅಳತೆ ಅಂತ ಒಂದು ಇದ್ದರೆ ತಲೆ ವಾಲಿಸುವವರೂ ಇರುತ್ತಾರೆ. ಅಮೆರಿಕದಲ್ಲಿ 220 ಜನರ ಮೇಲೆ ಎರಡು ವರ್ಷ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಊಟದ ಕ್ಯಾಲೊರಿಯನ್ನು ಕಾಲು ಭಾಗ ತಗ್ಗಿಸಲು ಹೇಳಿದ್ದರು. ಡುನೆಡಿನ್‌ಪೇಸ್ ಪ್ರಕಾರ ಅವರ ವೇಗ ಶೇ. 2–3ರಷ್ಟು ತಗ್ಗಿತು. ಫೀನೋಏಜ್, ಗ್ರಿಮ್‌ಏಜ್‌ಗಳಲ್ಲಿ ಏನೂ ಬದಲಾಗಲಿಲ್ಲ. ಒಂದು ಗಡಿಯಾರ ಹೌದು ಅಂದರೆ ಎರಡು ಇಲ್ಲ ಅನ್ನುತ್ತವೆ. ಪ್ರಯೋಗ ಮಾಡಿದವರು ಮೂರನ್ನೂ ಪ್ರಾಮಾಣಿಕವಾಗಿ ಮುಂದಿಟ್ಟರು. ಮಾತ್ರೆ ಮಾರುವವನು ಹಾಗೆ ಇಡುತ್ತಾನಾ? ಯಾವುದು ಹೌದು ಅನ್ನುತ್ತದೋ ಅದನ್ನಷ್ಟೇ ಜಾಹೀರಾತಿಗೆ ಹಾಕುತ್ತಾನೆ. ನನ್ನ ರಿಪೋರ್ಟಿನ ಕೊನೆಯ ಪುಟದಲ್ಲೂ ಒಂದು ಡಬ್ಬಿ ಮಾತ್ರೆಯ ಲಿಂಕ್ ಇತ್ತು. ಅದನ್ನು ನುಂಗಿ ಆರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕಂತೆ. ಒಂಬತ್ತು ವರ್ಷ ಆಚೀಚೆ ಓಲಾಡಬಲ್ಲ ಅಳತೆಯಲ್ಲಿ ಮುಂದಿನ ಸಲ ಕಡಿಮೆ ಬಂದರೆ, ಅದು ಮಾತ್ರೆಯ ಮಹಿಮೆ. ಜಾಸ್ತಿ ಬಂದರೆ ಡೋಸ್ ಸಾಲದು!

ಇನ್ನೊಂದು ಮಾತು. ಈ ಗಡಿಯಾರಗಳಿಗೆ ಪಾಠ ಹೇಳಿಕೊಟ್ಟ ರಕ್ತ ಹೆಚ್ಚಾಗಿ ಯುರೋಪ್ ಮೂಲದವರದು. ನಮ್ಮವರಿಗೆ ಅದೇ ಸೂತ್ರ ಹೊಂದುತ್ತದಾ ಅಂತ ನೋಡಬೇಕಾದರೆ ನಮ್ಮವರ ರಕ್ತವೇ ಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಭಾರತೀಯರ ಮುಪ್ಪಿನ ಗುರುತುಗಳನ್ನು ಹುಡುಕುವ ಕೆಲಸ ಶುರುವಾಗಿದೆ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದ್ದಾರೆ. ಹತ್ತು ಸಾವಿರ ಜನರ ಗುರಿ. ಅವರದು ಮರೆವಿನ ಕಾಯಿಲೆಯ ಅಧ್ಯಯನ, ಗಡಿಯಾರದ್ದಲ್ಲ. ಮಾವಿನಹಣ್ಣಿಗೆ ಹೆಸರಾದ ಊರು ಮುಪ್ಪಿನ ವಿಜ್ಞಾನಕ್ಕೂ ಹೆಸರಾಗುತ್ತಿದೆ ಅಂತ ಓದಿ ಖುಷಿಯಾಯಿತು.

ಖುಷಿಯ ಹಿಂದೆಯೇ ಅಪ್ಪ ನೆನಪಾದರು. ಹಳ್ಳಿಯ ಎಪ್ಪತ್ತರ ಮುದುಕರ ರಕ್ತ ತೆಗೆದು, 'ಇದು 70ರದು, ಇದು 75ರದು, ನೋಡಿ ಕಲಿ' ಅಂತ ಗಡಿಯಾರಕ್ಕೆ ಪಾಠ ಹೇಳುವಾಗ ಆ 70, 75 ಎಲ್ಲಿಂದ ಬರುತ್ತದೆ? ಜನಗಣತಿಯಲ್ಲಿ ನಮ್ಮವರ ವಯಸ್ಸು ಸೊನ್ನೆಗೆ, ಐದಕ್ಕೆ ಗುಂಪುಗೂಡುವುದು ಹಳೇ ವಿಷಯ. 58, 62 ಇರುವವರೂ ಕೇಳಿದರೆ "ಅರವತ್ತು ಬರ್ಕೊಳ್ಳಿ" ಅನ್ನುತ್ತಾರೆ. ಅಪ್ಪನ ರಕ್ತವನ್ನು ಆಧಾರ್ ಕಾರ್ಡಿನ ಜೊತೆ ಕೊಟ್ಟರೆ ಗಡಿಯಾರ ಏನನ್ನುತ್ತದೆ? "ಭಲೇ, ಕ್ಯಾಲೆಂಡರಿಗಿಂತ ಎರಡು ವರ್ಷ ಚಿಕ್ಕವರು" ಅನ್ನಬಹುದು. ಊರಿನ ಗಾಳಿ, ತೋಟದ ಕೆಲಸ, ಕೆಂಪಕ್ಕಿ ಗಂಜಿ ಅಂತ ನಾವು ಕಾರಣ ಹುಡುಕುತ್ತಾ ಕೂರಬಹುದು. ನಿಜವಾದ ಕಾರಣ 1955ರಲ್ಲಿ ಅವರ ತಲೆ ಯಾವ ಕಡೆ ವಾಲಿತ್ತು ಅನ್ನುವುದು.

ಕಿವಿ ಮುಟ್ಟುವ ಪರೀಕ್ಷೆ ಮೂಢತನ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಚಿಕ್ಕ ಮಗುವಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕೈ ಗಿಡ್ಡ. ಬೆಳೆದಂತೆ ಕೈ ಉದ್ದವಾಗುತ್ತದೆ. ಆರರ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಕಿವಿ ಎಟುಕುತ್ತದೆ. ಕಾಗದ ಇಲ್ಲದ ಊರಿನಲ್ಲಿ ಮಾಸ್ತರು ಮೈಯನ್ನೇ ಕೇಳಿದ್ದರು, ಅಷ್ಟೇ. ಎಟುಕುತ್ತದೋ ಇಲ್ಲವೋ ಅಂತ ನೋಡುವವರೆಗೆ ಅದು ಒಳ್ಳೇ ಪರೀಕ್ಷೆಯೇ. ಅದರಿಂದ ತಾರೀಕು ಬರೆಯಲು ಹೋಗಿದ್ದು ಎಡವಟ್ಟಾಯಿತು. ನನ್ನ ರಿಪೋರ್ಟಿನ ಪಾಯಿಂಟ್ ಮೂರು ಕೂಡ ಹಾಗೇ ಬರೆದ ತಾರೀಕು.

ಅರ್ಧ ಬೆಲೆಗೆ ತಂದಿದ್ದ ಎರಡನೇ ಕಿಟ್ ದೀಪಾವಳಿಗೆ ಊರಿಗೆ ಹೋದಾಗ ಬ್ಯಾಗಿನಲ್ಲೇ ಇತ್ತು. ಅಪ್ಪನಿಗೆ ಎಲ್ಲ ವಿವರಿಸಿದೆ. ಷರಾದ ಮಾತು ಬಂದಾಗ ಅವರ ಕಣ್ಣು ಮಿನುಗಿತು. "ಹಂಗಾದ್ರೆ ಷರಾ ಓದೋಕೆ ಬರೋನಿಗೆ ಮಾತ್ರ ತಿಳಿಯೋದು ಅನ್ನು" ಅಂದರು. ಡಬ್ಬಿ ಬಿಚ್ಚಿದೆವು. ಸೂಜಿ, ಹತ್ತಿ, ಕಾರ್ಡು, ಜೊತೆಗೆ ಒಂದು ಫಾರಂ. ಅಪ್ಪ ಕನ್ನಡಕ ಹಾಕಿಕೊಂಡು, ಹಳೇ ಅಭ್ಯಾಸದಂತೆ ಫಾರಮ್ಮನ್ನು ಮೊದಲಿಂದ ಕೊನೆವರೆಗೆ ಒಮ್ಮೆ ಓದಿ, ಪೆನ್ನಿನ ಕ್ಯಾಪ್ ತೆಗೆದರು. ಹೆಸರು ಬರೆದರು. ಎರಡನೇ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

"ಹುಟ್ಟಿದ ತಾರೀಕು ಕೇಳ್ತಿದಾನಲ್ಲೋ. ಮಾಸ್ತರದ್ದು ಬರೀಲೋ, ಅಜ್ಜಿದು ಬರೀಲೋ?"